ಬಣ್ಣಕ್ಕೆ ಹಾಕುವ ಮುನ್ನ

"ನಂಗೊಂದು ಕನಸು ಬಿತ್ತು. ನಿಂಗೇ ಹೇಳಬೇಕಾದ್ದು."

ನೇಯ್ಗೆಗೆ ನಾರು ತಂದುಕೊಡುವ ದುಂಗಲ್ ಹೆಗಲ ಮೇಲಿದ್ದ ಕಟ್ಟನ್ನೂ ಇಳಿಸದೆ ಹೀಗೆಂದಾಗ ಮಾಫೆಲಳ ಕಿವಿ ಬಿಸಿಯಾಯಿತು.

"ಬೆಳಗ್ಗೆ ಬೆಳಗ್ಗೆ ಇಂಥ ಮಾತಿಗೆ ನಾನೇ ಸಿಕ್ಕಿದ್ನಾ? ಅಜ್ಜಿ ಒಳಗಿದಾರೆ, ಕರೀಲಾ?"

"ಕರಿಯೇ! ನೇಯೋ ಕನಸು ಕಣೇ ತಾಯಿ. ಕೆಂಪು, ಕಪ್ಪು, ಬಿಳಿ. ನೀನೇನು ಅಂದ್ಕೊಂಡೆ?"

ಮುಖ ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವನು ಕಣ್ಣಲ್ಲೇ ನಗುತ್ತ, ನಿಧಾನವಾಗಿ ಕಟ್ಟು ಇಳಿಸಿದ.

ಸೆಬು ಸರೋವರದ ಸುತ್ತಲಿನ ಟಿಬೊಲಿ ಜನರ ಮನೆಗಳಲ್ಲಿ ಬಟ್ಟೆಯ ಚಿತ್ತಾರವನ್ನು ಯಾರೂ ಕೂತು ಯೋಚಿಸಿ ಮಾಡುವುದಿಲ್ಲ. ನಾರನ್ನು ಕಾಯುವ ದೇವತೆ ಫು ದಾಲು ಅದನ್ನು ಕನಸಿನಲ್ಲಿ ಕೊಡಬೇಕು. ಗಂಡಸಿಗೆ ಕೊಟ್ಟರೆ ಅವನು ನೇಯುವವಳಿಗೆ ಬಂದು ಹೇಳಬೇಕು, ಮಗ್ಗವನ್ನು ಮಾತ್ರ ಮುಟ್ಟುವಂತಿಲ್ಲ. ಯಾರ ಕನಸಾದರೂ ನಡೆದೀತು. ಬೀಳದ ಕನಸನ್ನು ಬಿತ್ತೆಂದು ನೇಯುವುದು ಮಾತ್ರ ಯಾರೂ ಕ್ಷಮಿಸದ ತಪ್ಪು.

ಮಾಫೆಲಳಿಗೆ ಇಪ್ಪತ್ತಮೂರು ತುಂಬಿದ್ದರೂ ಒಂದು ಚಿತ್ತಾರವೂ ಕಂಡಿರಲಿಲ್ಲ. ದಿಂಬಿಗೆ ತಲೆ ಕೊಟ್ಟರೆ ಕೋಳಿ ಕೂಗಿದ ಮೇಲೇ ಎಚ್ಚರ, ನಡುವೆ ಬರೀ ಕತ್ತಲು. ಬೋಯೆ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಭತ್ತದ ಕೊಯ್ಲಿನೊಳಗೆ ಮೊಮ್ಮಗಳ ಹೊಸ ಚಿತ್ತಾರ ಮಗ್ಗಕ್ಕೇರದಿದ್ದರೆ ಮಗ್ಗ ಚಿಕ್ಕಮ್ಮನ ಮಗಳ ಮನೆಗೆ ಹೋಗುವುದೆಂದು ಅಜ್ಜಿ ಹೇಳಿಬಿಟ್ಟಿದ್ದಳು. ಮಾಫೆಲಳಿಗೆ ಆ ಮಗ್ಗ ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಹಾಗೆಂದು ಅವಳು ತಿಳಿದುಕೊಂಡಿದ್ದಳು.

ಅಂದಿನಿಂದ ದುಂಗಲ್ ದಿನವೂ ಬಂದ. ಬಿಸಿಲಿಗೆ ನಾರು ತುಂಡಾಗುವುದರಿಂದ, ಚಿತ್ತಾರದ ಗೆರೆಗೆ ಬಣ್ಣ ತಾಗದಂತೆ ಅವಳು ಎಳೆಗಳಿಗೆ ಗಂಟು ಹಾಕುವುದು ಮುಂಜಾನೆಯ ತಂಪಿನಲ್ಲಿ. ಅವನು ಮೆಟ್ಟಿಲ ಮೇಲೆ ಕೂತು, ಗಾಳಿಯಲ್ಲಿ ಗೆರೆ ಎಳೆದು ಹೇಳುತ್ತಿದ್ದ.

"ಎರಡು ದೋಣಿ ಎದುರುಬದುರು ಬರ್ತವೆ. ನೀರಲ್ಲಿ ಹೀಗೆ ಸೀಳು ಬೀಳತ್ತೆ. ಆಮೇಲೆ..."

"ಆಮೇಲೆ?"

"ಕಾಫಿ ಇದ್ರೆ ನೆನಪಾಗತ್ತೆ."

"ಎಂಥಾ ಕನಸೋ ಇದು! ತಿಂಗಳಾದ್ರೂ ಮುಗಿಯಲ್ಲ."

"ನಿಂಗೇನು ಅವಸರ? ಬೇಜಾರಾಯ್ತಾ ನಾನು ಬರೋದು?"

ಅವಳು ಗಂಟು ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದಳು. ಅವನು ಅವಳ ಕತ್ತಿನ ಮೇಲೆ ಜಾರಿದ ಕೂದಲನ್ನು ನೋಡುತ್ತಿದ್ದುದು ನೋಡದೆಯೂ ಅವಳಿಗೆ ಗೊತ್ತಾಗುತ್ತಿತ್ತು. ಅವನು ತಡವಾಗಿ ಬಂದ ದಿನ ಗಂಟುಗಳು ಸಡಿಲವಾಗುತ್ತಿದ್ದವು.

ಆ ದಿನಗಳಲ್ಲೇ ಅವಳಿಗೂ ಒಂದು ಕನಸು ಬೀಳತೊಡಗಿತು. ದುಂಗಲ್ ಮೆಟ್ಟಿಲ ಮೇಲೆ ಕೂತು ಏನೋ ಹೇಳುತ್ತಾನೆ, ದನಿ ಕೇಳಿಸದು, ಕೈಗಳು ಮಾತ್ರ ಆಡುತ್ತವೆ. ಎದ್ದವಳು ತನ್ನನ್ನೇ ಬೈದುಕೊಂಡಳು. ಎಲ್ಲರಿಗೂ ಚಿತ್ತಾರ ಕಂಡರೆ ನನಗೆ ಈ ಮನುಷ್ಯ ಕಾಣಬೇಕೇ? ಅಜ್ಜಿಗೆ ಹೇಳುವಂಥ ಕನಸೂ ಅಲ್ಲ.

ಗಂಟು ಮುಗಿದವು. ಕಪ್ಪು ಬಣ್ಣ ಕೊಡುವ ಎಲೆ ಮಡಕೆಯಲ್ಲಿ ಕುದಿಯುತ್ತಿತ್ತು. ನಾರಿನ ಕಟ್ಟನ್ನು ಅದರೊಳಗೆ ಇಳಿಸಲು ಅವಳು ಬಗ್ಗಿದಾಗ ದುಂಗಲ್ ಓಡಿಬಂದ.

"ತಡಿ, ಹಾಕಬೇಡ!"

"ಯಾಕೋ?"

"ನಂಗೆ ಕನಸೇ ಬಿದ್ದಿಲ್ಲ ಮಾಫೆಲ್." ಅವನ ಮುಖದಲ್ಲಿ ನಗುವಿರಲಿಲ್ಲ. "ಎಲ್ಲಾ ಎಚ್ಚರದಲ್ಲೇ ಕಟ್ಟಿದ್ದು. ಮಗ್ಗ ಹೋಗತ್ತೆ ಅಂತ ನೀನು ಅಳ್ತಿದ್ದದ್ದು ನೋಡ್ದೆ. ಒಂದು ಕನಸು ಹೇಳಿದ್ರೆ ನಿಂಗೆ ಮಗ್ಗ ಉಳಿಯತ್ತೆ ಅನ್ನಿಸ್ತು. ಆಮೇಲೆ ದಿನಾ ನಿನ್ನ ಹತ್ರ ಕೂರೋ ಆಸೆಗೆ ಬೆಳೆಸ್ತಾ ಹೋದೆ. ಬಣ್ಣ ಹತ್ತಿದ್ರೆ ಸುಳ್ಳು ನಿನ್ನ ತಲೆಗೆ ಸುತ್ಕೊಳ್ಳತ್ತೆ."

"ಹೋಗು," ಎಂದಳು ಮಾಫೆಲ್. ದನಿ ತನ್ನದಲ್ಲವೇನೋ ಎನಿಸಿತು. "ಇಲ್ಲಿ ನಿಲ್ಲಬೇಡ."

ಅವನು ಹೋದ. ಅವಳು ಒಂದೊಂದಾಗಿ ಗಂಟು ಬಿಚ್ಚತೊಡಗಿದಳು. ಸಿಟ್ಟು ಮೂರನೆಯ ಸಾಲಿಗೇ ಇಳಿದುಹೋಯಿತು, ಉಳಿದದ್ದು ದುಃಖ. ಪ್ರತಿ ಗಂಟಿನಲ್ಲೂ ಅವನಾಡಿದ ಒಂದೊಂದು ಮಾತು ಸಿಕ್ಕಿತು. ನಾಳೆಯಿಂದ ಮೆಟ್ಟಿಲು ಖಾಲಿ ಇರುತ್ತದೆ ಎಂಬುದು ಮಗ್ಗ ಹೋಗುವುದಕ್ಕಿಂತ ಹೆಚ್ಚು ನೋಯಿಸಿದಾಗ ಅವಳಿಗೇ ದಿಗಿಲಾಯಿತು.

ಗಂಟು ಬಿಚ್ಚುವ ಸದ್ದಿಗೆ ಅಜ್ಜಿ ಹೊರಗೆ ಬಂದಳು. ಮಾಫೆಲ್ ಏನನ್ನೂ ಮುಚ್ಚಿಡಲಿಲ್ಲ.

"ಮಗ್ಗ ಚಿಕ್ಕಮ್ಮನ ಮಗಳಿಗೇ ಕೊಡಿ ಅಜ್ಜಿ. ನನಗೆ ಬೀಳೋದೆಲ್ಲ ಕೆಲಸಕ್ಕೆ ಬಾರದ ಕನಸು."

"ಏನು ಬೀಳತ್ತೆ?"

"...ಅವನೇ. ಕೂತು ಕೈ ಆಡಿಸ್ತಾ ಇರ್ತಾನೆ."

"ದೋಣಿ ಕಥೆ ಹೇಳ್ತಾನಾ?"

"ಇಲ್ಲ. ಅದು ಬೇರೇನೇ. ದಿನಾ ಒಂದೇ ಥರ ಆಡಿಸ್ತಾನೆ."

"ಹೇಗೆ? ನನ್ನ ಕೈ ಹಿಡಿದು ಆಡ್ಸು, ನೋಡೋಣ."

ಮಾಫೆಲ್ ನಾಚುತ್ತಲೇ ಆ ಒಣಗಿದ ಬೆರಳುಗಳನ್ನು ಹಿಡಿದು ನಡೆಸಿದಳು. ಮೇಲಕ್ಕೆ, ಓರೆಯಾಗಿ, ಒಳಕ್ಕೆ ಮಡಚಿ, ಮತ್ತೆ ಮೇಲಕ್ಕೆ. ಅಜ್ಜಿ ಇನ್ನೊಮ್ಮೆ ಎಂದಳು. ಮತ್ತೂ ಒಮ್ಮೆ ಎಂದಳು. ಮೂರು ಸಲವೂ ಬೆರಳು ಅದೇ ಜಾಗಕ್ಕೆ ಬಂದು ನಿಂತಿತು.

"ಪೆದ್ದಿ," ಎಂದಳು ಅಜ್ಜಿ. "ಅವನ ಕೈ ಎಳೆಯೋ ಗೆರೇನೇ ಚಿತ್ತಾರ. ಬಟ್ಟೆ ಮಡಚಿ ತಂದು ಕೈಗಿಡ್ತಾರೆ ಅಂತ ಕಾಯ್ತಿದ್ಯಾ? ಫು ದಾಲು ನೀನು ನೋಡೋ ಕಡೆಯಿಂದಲೇ ಬರ್ತಾಳೆ. ಹೋಗು, ಹೊಸ ನಾರು ತಗೊಂಡು ಬಾ. ಹೆಸರು ಮಾತ್ರ ನೀನೇ ಇಡಬೇಕು, ಕನಸು ಕಂಡವಳು ನೀನು."

ದುಂಗಲ್ ಬಾಳೆಯಂತೆ ಕಾಣುವ ಅಬಕಾ ಗಿಡಗಳ ತೋಟದಲ್ಲಿ ಕತ್ತಿಗೆ ದಿಂಡು ಸಿಕ್ಕಿಸಿ ನಾರು ಎಳೆಯುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಬೈಯೋಕೆ ಬಂದ್ಯಾ?"

"ನಾರು ಬೇಕು. ನನ್ನ ಕನಸಿಗೆ." ಅವಳ ಕಣ್ಣು ಅವನ ಕಣ್ಣನ್ನು ಬಿಡಲಿಲ್ಲ. "ಕೊಯ್ಲಿನ ದಿನ ಎಲ್ಲರ ಮುಂದೆ ಚಿತ್ತಾರದ ಹೆಸರು ಹೇಳಬೇಕು. ಇಟ್ಟಾಯ್ತು."

"ಏನಂತ?"

"ಸುಳ್ಳುಗಾರನ ಕೈ."

ಅವನು ನಾರಿನ ರಸ ಅಂಟಿದ ತನ್ನ ಅಂಗೈಗಳನ್ನು ನೋಡಿಕೊಂಡು, ಆಮೇಲೆ ಮೆಲ್ಲಗೆ ಕೇಳಿದ.

"ಯಾವ ಸುಳ್ಳುಗಾರ ಅಂತ ಊರೇ ಕೇಳತ್ತಲ್ಲೇ?"

"ಕೇಳಲಿ," ಎಂದಳು ಮಾಫೆಲ್. "ನನ್ನ ಪಕ್ಕದಲ್ಲಿ ನಿಂತಿರು. ತೋರಿಸ್ತೀನಿ."