ಕರೆಂಟ್ ಹೋದಾಗ ಬಂದ ಸಿಗ್ನಲ್

೨೦೧೭ರ ಜುಲೈ ೧೮, ಮಂಗಳವಾರ ಬೆಳಿಗ್ಗೆ ಬೊಮ್ಮಸಂದ್ರದ ಠಾಣೆಗೆ ಬಂದ ನಾಗಲಕ್ಷ್ಮಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ ಮಗಳ ಕೈ ಓಯ್ತು ಸಾ! ಪ್ರೆಸ್ಸಿಗೆ ಸಿಕ್ಕಾಕ್ಕೊಂಡು ಒದ್ದಾಡ್ತಿದ್ರೆ ಆಂಬುಲೆನ್ಸಿಗೆ ಒಬ್ರ ಫೋನೂ ಓಗ್ಲಿಲ್ಲ. ಆ ಟವರ್‌ನೋರ ಮನೆ ಆಳಾಗ!"

ಇನ್‌ಸ್ಪೆಕ್ಟರ್ ಪಂಚಾಕ್ಷರಿ ಎಫ್‌ಐಆರ್ ದಾಖಲಿಸಿದರು. ಮಗಳು ರಾಣಿ ತಗಡು ಒತ್ತುವ ಕಾರ್ಖಾನೆಯ ಕೆಲಸಗಾರ್ತಿ. ಜೊತೆಯವರು ಮುಖ್ಯರಸ್ತೆಗೆ ಓಡಿ ಆಂಬುಲೆನ್ಸ್ ಕರೆಸುವಷ್ಟರಲ್ಲಿ ಹೊತ್ತು ಮೀರಿ, ಆಸ್ಪತ್ರೆಯಲ್ಲಿ ಬಲಗೈ ತೆಗೆಯಬೇಕಾಯಿತು. ಹೆತ್ತವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಪಂಚಾಕ್ಷರಿ ಟವರ್ ಕಂಪನಿಯ ಎಂಜಿನಿಯರ್ ಸಮನ್ವಿತಾಳನ್ನು ಕೂಡಲೇ ಕರೆಸಿದರು.

"ಊರ್ ತುಂಬಾ ಫೋರ್‌ಜಿ ಅಂತ ಬೋರ್ಡ್ ಹಾಕ್ತೀರಿ. ಒಂದು ಫೋನ್ ಹೋಗಲ್ವೇನ್ರೀ?"

"ಟವರ್ ಸರಿಯಾಗೇ ಇದೆ ಸಾರ್. ಆ ಫ್ಯಾಕ್ಟ್ರಿ ಬೀದೀಲಿ ಯಾರೋ ಜಾಮರ್ ಇಟ್ಟಿದ್ದಾರೆ, ಸಿಗ್ನಲ್ ಕತ್ತು ಹಿಸುಕೋ ಮೆಷಿನ್. ಯಾವ ಶೆಡ್ಡೋ ಗೊತ್ತಿಲ್ಲ, ನಮ್ಮನ್ನ ಯಾರೂ ಒಳಗೆ ಬಿಡಲ್ಲ."

ನಾಗಲಕ್ಷ್ಮಮ್ಮ ತಲೆಯೆತ್ತಿದಳು. "ಅದ್ಕೇಯಾ ಕರೆಂಟ್ ಓದಾಗ ಮಾತ್ರ ಫೋನ್ ಬತ್ತಿದ್ದು? ಅದೂ ಐದೇ ನಿಮ್ಸ. ನಮ್ ಬೀದಿಯೋರೆಲ್ಲ ಆವಾಗ್ಲೇ ಮಾತಾಡ್ಕೊಳ್ಳೋದು."

ಕರೆಂಟ್ ಹೋದರೆ ನೆಟ್‌ವರ್ಕ್ ಹೋಗುವುದನ್ನು ಪಂಚಾಕ್ಷರಿ ಕಂಡಿದ್ದರು, ಬರುವುದನ್ನು ಕಂಡಿರಲಿಲ್ಲ. ಟೋಪಿ ತೆಗೆದುಕೊಂಡು ಎದ್ದರು.

ಮಧ್ಯಾಹ್ನ ಲೈನ್‌ಮನ್ ಕಂಬ ಹತ್ತಿ ಒಂದೊಂದೇ ಶೆಡ್ಡಿನ ಫ್ಯೂಸ್ ಕಿತ್ತ. ಕೆಳಗೆ ಕಾನ್‌ಸ್ಟೇಬಲ್ ರಾಮಾಂಜಿನಪ್ಪ ಮೊಬೈಲ್ ಹಿಡಿದು ನಿಂತಿದ್ದ. ಮೊದಲ ಶೆಡ್ಡುಗಳಲ್ಲಿ ಏನೂ ಆಗಲಿಲ್ಲ. ರಾಣಿಯ ಕಾರ್ಖಾನೆಯದನ್ನು ಕಿತ್ತದ್ದೇ ತಡ, ಬೀದಿಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಐದು ನಿಮಿಷಕ್ಕೆ ಒಳಗೆ ಜನರೇಟರ್ ಶುರುವಾಯಿತು, ಸಿಗ್ನಲ್ ಮತ್ತೆ ಸತ್ತಿತು.

"ಅವಳ ಫ್ಯಾಕ್ಟ್ರಿನೇ ಸಾರ್! ಬಡ್ಡಿಮಕ್ಳು, ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು!" ಎಂದ ರಾಮಾಂಜಿನಪ್ಪ.

ಮ್ಯಾನೇಜರ್ ರಾಮಪ್ರಸಾದನ ಕೋಣೆಯ ಅಟ್ಟದಲ್ಲಿ ಜಾಮರ್ ಸಿಕ್ಕಿತು. ಪಂಚರ ಸಮಕ್ಷಮ ಜಪ್ತಿ ಮಾಡಿದರು.

"ಯಾಕ್ರೀ ಇಟ್ರಿ?"

"ಕೆಲಸ ಬಿಟ್ಟು ಮೊಬೈಲ್ ನೋಡ್ತಾರೆ ಸಾರ್."

"ಗೇಟಲ್ಲೇ ಇಸ್ಕೋಬೋದಿತ್ತಲ್ಲ. ನಿಜ ಬೊಗಳು!"

ರಾಮಪ್ರಸಾದ ಬೆವರು ಒರೆಸಿಕೊಂಡ. "ಇಸ್ಕೊಂಡ್ರೆ ಗಲಾಟೆ ಮಾಡ್ತಾರೆ. ಸಿಗ್ನಲ್ ಇಲ್ಲಾಂದ್ರೆ ಟವರ್‌ನೋರಿಗೆ ಬೈಕೋತಾರೆ. ಪ್ರೆಸ್ಸಿಗೆ ಕೈ ಹೋಗ್ದಂಗೆ ಗಾರ್ಡ್ ಇರುತ್ತಲ್ಲ ಸಾರ್, ಅದಿದ್ರೆ ಕೆಲಸ ನಿಧಾನ, ಟಾರ್ಗೆಟ್ ಮುಟ್ಟಲ್ಲ. ಬಿಚ್ಚಿಸಿದ್ದೆ. ಒಬ್ಳು ಇಲ್ಲಿಂದ್ಲೇ ಲೇಬರ್ ಆಫೀಸಿಗೆ ಫೋನ್ ಮಾಡ್ಬಿಟ್ಲು. ನಾವು ವಾಪಸ್ ಹಾಕೋಷ್ಟರಲ್ಲಿ ಅವ್ರು ಬಂದ್ಬಿಟ್ರು. ಅವ್ರು ಹೋದ್ಮೇಲೆ ಈ ಜಾಮರ್ ತಂದಿಟ್ಟು, ಗಾರ್ಡ್ ಮತ್ತೆ ಬಿಚ್ಚಿಸ್ದೆ."

"ಯಾರವಳು?"

"ಅದೇ... ರಾಣಿ."

ಪಂಚಾಕ್ಷರಿಯ ಕೈ ಮೇಲೆದ್ದಿತ್ತು. ಹಲ್ಲು ಕಚ್ಚಿ ಇಳಿಸಿಕೊಂಡರು.

ಸಂಜೆ ರಾಮಪ್ರಸಾದನನ್ನು ಬಂಧಿಸಿ ಜೀಪಿಗೆ ಹತ್ತಿಸಿದರು. ಅವನಿಗೆ ರಾಣಿಯ ಮೇಲೆ ದ್ವೇಷವೇನೂ ಇರಲಿಲ್ಲ. ಟಾರ್ಗೆಟ್ ತಪ್ಪಿದರೆ ತನ್ನ ಕೆಲಸ ಹೋದೀತೆಂಬ ಹೆದರಿಕೆಯಷ್ಟೆ. ಪ್ರೆಸ್ಸಿನ ಹಿಂದೆ, ಬಿಚ್ಚಿದ ಗಾರ್ಡ್ ಗೋಡೆಗೆ ಒರಗಿತ್ತು. ಬೋಲ್ಟುಗಳೂ ಪಕ್ಕದಲ್ಲೇ ಇದ್ದವು. ಪಂಚಾಕ್ಷರಿ ಅವನ್ನೂ ಪಂಚನಾಮೆಗೆ ಸೇರಿಸಿದರು.