ಬಣ್ಣ ಹಚ್ಚದ ಅರ್ಧ

ಮರಗಳ ಎಲೆ ಉದುರಲು ಶುರುವಾದ ದಿನಗಳು. ಮಧ್ಯಾಹ್ನ ಮೂರರ ಹೊತ್ತು, ಬೀದಿಯಲ್ಲಿ ಜನವಿರಲಿಲ್ಲ. ಆಗ ಅವನು ಫ್ರೇಮ್ ಅಂಗಡಿಯ ಬಾಗಿಲನ್ನು ಮೊಣಕೈಯಿಂದ ನೂಕಿಕೊಂಡು ಒಳಗೆ ಬಂದ. ಎರಡೂ ಕೈಯಲ್ಲಿ ಹಿಡಿದಿದ್ದದ್ದು ಒಂದು ದೊಡ್ಡ ಕ್ಯಾನ್ವಾಸು.

ಅವಳು ಗರಗಸ ಕೆಳಗಿಟ್ಟು ನೋಡಿದಳು. ಇಡೀ ಚಿತ್ರ ಬೂದು ಬಣ್ಣ. ಒಂದು ಮೂಲೆಯಲ್ಲಿ ಅಂಗೈಯಷ್ಟು ಕೆಂಪು. ಅಷ್ಟೇ.

"ಇದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?"

"ನಿಮಗೆ ಹೇಗನಿಸುತ್ತೆ?"

"ನನಗೆ ಅನಿಸೋದು ಕಟ್ಕೊಂಡು ಏನಾಗಬೇಕು? ಕೊಕ್ಕೆ ಯಾವ ಕಡೆ ಹಾಕಲಿ, ಅದು ಹೇಳಿ."

ಅವನಿಗೆ ನಗು ಬಂತು. ನಕ್ಕದ್ದಕ್ಕೆ ನಾಚಿದವನಂತೆ ತಲೆ ತಗ್ಗಿಸಿ, "ಕೆಂಪು ಕೆಳಗೆ ಬರಲಿ" ಎಂದ.

ಅವನು ಹೋದ ಮೇಲೆ ಅವಳು ಚಿತ್ರವನ್ನು ಮತ್ತೊಮ್ಮೆ ನೋಡಿದಳು. 'ಇದಕ್ಕೊಂದು ಫ್ರೇಮ್ ಬೇರೆ ಕೇಡು...'

ಅಪ್ಪ ಬಿಟ್ಟುಹೋದ ಅಂಗಡಿ ಅದು. ಹಿಂದಿನ ಕೋಣೆಯಲ್ಲೇ ಅವಳ ಅಡುಗೆ, ಊಟ, ನಿದ್ದೆ. ಅಣ್ಣ, ಅತ್ತಿಗೆ ಇದ್ದದ್ದು ಆಚೆ ಬೀದಿಯಲ್ಲಿ. ಸಂಬಂಧಗಳು ಬಂದವು, ಮುರಿದವು, ಆಮೇಲೆ ಬರುವುದೂ ನಿಂತಿತು. ಒಬ್ಬಳೇ ಉಣ್ಣಲು ಕೂತರೆ ತುತ್ತು ಗಂಟಲಲ್ಲಿ ಇಳಿಯದು. ಅದಕ್ಕೆ, ಅವತ್ತು ಚೌಕಟ್ಟು ಹಾಕಿ ಮುಗಿಸಿದ್ದನ್ನು ಎದುರಿನ ಕುರ್ಚಿಯ ಮೇಲೆ ಇಟ್ಟುಕೊಳ್ಳುವಳು. ಒಂದು ದಿನ ಯಾರದೋ ಮದುವೆಯ ಫೋಟೋ, ಇನ್ನೊಂದು ದಿನ ಯಾರದೋ ಕೂಸು. ಎಲ್ಲರೂ ಅವಳನ್ನೇ ನೋಡುವರು. ಅವರ ಮುಂದೆ ಅವಳು ಬೇಗಬೇಗ ಉಂಡು ಎದ್ದುಬಿಡುವಳು.

ಬೂದು ಚಿತ್ರ ಕುರ್ಚಿಯ ಮೇಲೆ ಕೂತ ದಿನ ಹಾಗಾಗಲಿಲ್ಲ. ಅದರೊಳಗೆ ಯಾರೂ ಇರಲಿಲ್ಲ. ಅದು ಏನನ್ನೂ ಕೇಳಲಿಲ್ಲ. ತಟ್ಟೆ ಬರಿದಾದ ಮೇಲೂ ಅವಳು ಕೈ ಒಣಗಿಸಿಕೊಂಡು ಕೂತೇ ಇದ್ದಳು.

'ನನ್ನ ರಜೆಯ ಸಂಜೆ ಹೀಗೇ ಇರುತ್ತಲ್ಲ... ಇವನಿಗೆ ಹೇಗೆ ಗೊತ್ತಾಯಿತು?'

ಚಿತ್ರ ಒಯ್ಯಲು ಅವನು ಬಂದಾಗ ಬಾಯಿ ಜಾರಿತು. "ನಿಮ್ಮ ಚಿತ್ರ ಊಟಕ್ಕೆ ಒಳ್ಳೆ ಜೊತೆ."

ಅವನು ನಗುತ್ತಾನೆಂದುಕೊಂಡಳು. ಅವನು ನಗಲಿಲ್ಲ. "ನಾನೂ ಒಬ್ಬನೇ ಉಣ್ಣೋದು" ಎಂದ.

ಮಂಗಳವಾರ ಅಂಗಡಿಗೆ ರಜೆ. ಈ ಕಾಲದವರ ಚಿತ್ರಗಳನ್ನೇ ತೂಗುಹಾಕಿದ್ದ ದೊಡ್ಡ ಚಿತ್ರಶಾಲೆಗೆ ಅವನು ಅವಳನ್ನು ಕರೆದುಕೊಂಡು ಹೋಗತೊಡಗಿದ. ಕಲಾವಿದರ ಹೆಸರು ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ತಾನೇ ಹೆಸರಿಟ್ಟಳು. ಬಿಳಿ ಬಟ್ಟೆಯ ಮೇಲೆ ಬರೀ ಪೆನ್ಸಿಲ್ ಗೆರೆ ಎಳೆದಿದ್ದ ಮುದುಕಿ 'ಗೆರೆಯಜ್ಜಿ'. ಹಳೇ ಗೋಣಿ, ಹರಿದ ಅಂಗಿ ಹೊಲಿದು ಅದರ ಮೇಲೆ ಬಣ್ಣ ಸುರಿದಿದ್ದವನು 'ಚಿಂದಿಯಣ್ಣ'.

"ಈ ಅಜ್ಜಿಗೆ ಮನೇಲಿ ಬೇರೆ ಕೆಲಸ ಇರಲಿಲ್ವಾ?"

"ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡಿ."

ಹೋದಳು. ದೂರದಿಂದ ಒಂದೇ ಥರ ಕಂಡಿದ್ದ ಗೆರೆಗಳು ಹತ್ತಿರದಲ್ಲಿ ಒಂದೊಂದೂ ಬೇರೆ. ಒಂದು ಕಡೆ ಕೈ ನಡುಗಿತ್ತು, ಮುಂದೆ ಧೈರ್ಯ ತಂದುಕೊಂಡಿತ್ತು.

"ಪಾಪ, ಅಜ್ಜಿಯೂ ಒಬ್ಬರೇ ಇದ್ರೇನೋ" ಎಂದಳು.

ಅವನು ಗೆರೆಗಳ ಕಡೆ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗದವಳಂತೆ ಮುಂದಿನ ಚಿತ್ರಕ್ಕೆ ಸರಿದಳು.

ಚಳಿ ಬಲಿತ ಮೇಲೆ ಒಂದು ಬೆಳಿಗ್ಗೆ ಅವನು ಇನ್ನೊಂದು ಚಿತ್ರ ತಂದ. ಎಡಗಡೆ ಮೇಲಿಂದ ಕೆಳಗಿನವರೆಗೆ ಹಳದಿ, ಕಿಟಕಿಯಿಂದ ಬಿದ್ದ ಬಿಸಿಲಿನಂತೆ. ಬಲಗಡೆ ಬರೀ ಬಟ್ಟೆ.

"ಇದು ಮಾರೋಕಲ್ಲ. ನಿಮಗೆ. ಫ್ರೇಮ್ ಹಾಕ್ಕೊಳ್ಳಿ."

ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಮುಗಿಯದ ಚಿತ್ರಕ್ಕೆ ಕಟ್ಟು ಹಾಕುವಂತಿಲ್ಲ. ಹಿಂದೆ ಮೊಳೆ ಹೊಡೆದು ಕಾಗದ ಅಂಟಿಸಿದ ಮೇಲೆ ಚಿತ್ರಕಾರ ಬಂದು 'ಇಲ್ಲೊಂಚೂರು ಬಿಟ್ಟುಹೋಗಿತ್ತು' ಎಂದರೆ ಎಲ್ಲಾ ಕಿತ್ತು ಮತ್ತೆ ಮಾಡಬೇಕು. ಅಪ್ಪ ಅಂಥವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದರು.

ಉಡುಗೊರೆ ಎಂದು ಕೇಳಿಯೇ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಆ ಗಾಬರಿಯಲ್ಲಿ ಕೆಲಸದ ಮಾತೇ ಮೊದಲು ಬಾಯಿಗೆ ಬಂತು.

"ಇದು ಇನ್ನೂ ಅರ್ಧ ಆಗಿದೆ. ಮುಗಿಸಿ ತನ್ನಿ."

"ನಿಮಗೆ ಹಾಗೆ ಅನಿಸುತ್ತಾ?"

"ಅನಿಸೋದೇನು ಬಂತು, ಕಣ್ಣಿಗೇ ಕಾಣ್ತಿದೆಯಲ್ಲ. ಈ ಕಡೆ ಏನೂ ಇಲ್ಲ."

ಅವನು "ಸರಿ" ಎಂದ. ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದ.

ಅವಳು ಕಾದಳು. ಒಳ್ಳೆಯ ಮರ ಆರಿಸಿ, ಅಂಚು ಉಜ್ಜಿ, ಅವನ ಚಿತ್ರಕ್ಕೆಂದು ಕಟ್ಟು ಸಿದ್ಧಮಾಡಿ ಮೂಲೆಯಲ್ಲಿ ಇಟ್ಟಳು. ಮಂಗಳವಾರ ಬಂತು, ಅವನು ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. 'ಮುಗಿಸ್ತಾ ಇರಬೇಕು... ಒಳ್ಳೆ ಕೆಲಸಕ್ಕೆ ಹೊತ್ತು ಹಿಡಿಯುತ್ತೆ' ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಸೋಮವಾರ ಅತ್ತಿಗೆ ಸಾರಿನ ಪಾತ್ರೆ ತಂದು ಅವಳ ಕೈಗಿಟ್ಟರು.

"ಏನೇ, ನಿನ್ನ ಬಣ್ಣದವನು ಊರು ಬಿಡ್ತಾನಂತೆ? ದೂರದ ಯಾವುದೋ ಶಾಲೆಯಲ್ಲಿ ಚಿತ್ರ ಕಲಿಸೋ ಕೆಲಸವಂತೆ. ಈ ಗುರುವಾರವೇ ಹೊರಡ್ತಾನಂತೆ."

"ನನ್ನ ಬಣ್ಣದವನು ಯಾಕಾಗ್ತಾನೆ, ಅತ್ತಿಗೆ."

"ಅಲ್ಲ ಅಂದ್ರೆ ಪಾತ್ರೆ ಯಾಕೆ ತಲೆಕೆಳಗೆ ಹಿಡ್ಕೊಂಡಿದ್ದೀಯ? ಸಾರೆಲ್ಲ ನೆಲಕ್ಕೆ ಹೋಯ್ತು ನೋಡು."

ಮರುದಿನ ಮಂಗಳವಾರ. ಅವನ ಮನೆಗೆ ಹೋಗಲು ಕಾಲು ಬರಲಿಲ್ಲ. ಹೇಳದೆ ಹೋಗುವವನ ಬಾಗಿಲಲ್ಲಿ ನಿಂತು ಏನೆಂದು ಕೇಳುವುದು? ಅಭ್ಯಾಸದ ಕಾಲುಗಳು ಚಿತ್ರಶಾಲೆಗೆ ಒಯ್ದವು.

ಒಳಗಿನ ಒಂದು ಕೋಣೆಗೆ ಹೊಸ ಚಿತ್ರಗಳು ಬಂದಿದ್ದವು. ಯಾರೋ ಒಬ್ಬರು ತಮ್ಮ ಕೊನೆಗಾಲದಲ್ಲಿ ಬರೆದವು. ದೊಡ್ಡ ಬಟ್ಟೆ, ಅದರಲ್ಲಿ ಎರಡೋ ಮೂರೋ ನೀಲಿ ಬೀಸು. ಉಳಿದದ್ದೆಲ್ಲ ಖಾಲಿ.

'ಇವರೂ ಮುಗಿಸಿಲ್ಲ...'

ಅಳತೆ ನೋಡುವಾಗಿನ ರೂಢಿಯಂತೆ ಅವಳು ಎರಡೂ ಅಂಗೈ ಎತ್ತಿ ಖಾಲಿ ಭಾಗವನ್ನು ಮರೆಮಾಡಿದಳು. ನೀಲಿ ಉಸಿರುಗಟ್ಟಿದಂತಾಯಿತು. ಕೈ ಇಳಿಸಿದಳು. ಮತ್ತೆ ಉಸಿರಾಡಿತು. ಇನ್ನೊಮ್ಮೆ ಮುಚ್ಚಿದಳು, ಇನ್ನೊಮ್ಮೆ ತೆಗೆದಳು. ಆ ಬಣ್ಣ ಪೂರ್ತಿ ಆ ಖಾಲಿ ಜಾಗಕ್ಕೇ ಒರಗಿಕೊಂಡು ನಿಂತಿತ್ತು.

ಅವಳ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

'ಅಯ್ಯೋ... ಮುಗಿಸಿ ತನ್ನಿ ಅಂದುಬಿಟ್ಟೆನಲ್ಲ.'

ಅಲ್ಲಿಂದ ನೇರ ಅವನ ಮನೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಕೂತು ಕುಂಚಗಳನ್ನು ಹಳೇ ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳನ್ನು ನೋಡಿ ಏಳಲು ಹೋದ, ಏಳಲಿಲ್ಲ.

"ಹಳದಿ ಚಿತ್ರ ಎಲ್ಲಿ?"

"ಅಲ್ಲಿದೆ. ಗೋಡೆ ಕಡೆ ತಿರುಗಿಸಿ ಇಟ್ಟಿದ್ದೀನಿ."

"ಮುಗಿಸಿದ್ರಾ?"

"ಕುಂಚ ಹಿಡ್ಕೊಂಡು ಕೂತೆ. ಕೈ ಏಳಲಿಲ್ಲ."

"ಸದ್ಯ" ಎಂದು ಅವಳು ಗೋಡೆಗೆ ಒರಗಿದಳು. "ಅದು ಮುಗಿದೇ ಇತ್ತು. ನನಗೇ ನೋಡೋಕೆ ಬರಲಿಲ್ಲ."

ಅವನ ಕೈಯಲ್ಲಿದ್ದ ಬಟ್ಟೆಯ ಗಂಟು ತಾನೇ ಬಿಚ್ಚಿಕೊಂಡಿತು.

"ಆ ಅರ್ಧ ನಿಮಗೇ ಅಂತ ಬಿಟ್ಟಿದ್ದೆ. ನೀವು 'ಈ ಕಡೆ ಏನೂ ಇಲ್ಲ' ಅಂದ್ರಿ. ಉತ್ತರ ಸಿಕ್ಕಿತು ಅಂದ್ಕೊಂಡೆ."

"ನಾನು ಹೇಳಿದ್ದು ಬಟ್ಟೆ ಮಾತು."

"ನಾನು ಕೇಳಿದ್ದು ಬಟ್ಟೆ ಮಾತಲ್ವಲ್ಲ."

"ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?"

"ಬಾಯಲ್ಲಿ ಹೇಳಿದ್ರೆ ಚೆನ್ನಾಗಿರಲ್ಲ ಅನ್ನಿಸ್ತು."

"ಹೇಗಿದ್ರೂ ಪರವಾಗಿಲ್ಲ, ಹೇಳಿ."

ಅವನು ತಲೆ ಎತ್ತಿದ. "ನೀವು ನನ್ನ ಜೊತೆ ಇರಬೇಕು. ಒಬ್ಬನೇ ಇದ್ದು ಇದ್ದು ಸಾಕಾಗಿದೆ."

ಅವಳ ಕಣ್ಣು ತುಂಬಿ ಬಂತು. "ಇದೇ ಚೆನ್ನಾಗಿದೆ" ಎಂದಳು. "ಚಿತ್ರಕ್ಕಿಂತ ಇದೇ ಬೇಗ ಅರ್ಥ ಆಯ್ತು."

ಆದರೆ ಶಾಲೆಗೆ ಅವನು ಮಾತು ಕೊಟ್ಟಾಗಿತ್ತು. ಅವಳ ಅಂಗಡಿಯಲ್ಲೂ ಒಪ್ಪಿಕೊಂಡ ಕೆಲಸ ರಾಶಿ ಬಿದ್ದಿತ್ತು. ಕೊಟ್ಟ ಮಾತು ಬಿಡುವ ಜಾತಿಯವರು ಇಬ್ಬರೂ ಅಲ್ಲ.

ಗುರುವಾರ ಬೆಳಿಗ್ಗೆ ರೈಲು ಹೊರಡುವ ಮುಂಚೆ ಕಿಟಕಿಯ ಸರಳು ಹಿಡಿದು ನಿಂತಳು.

"ಅಲ್ಲಿ ಮನೆ ಚಿಕ್ಕದು" ಎಂದ ಅವನು.

"ಬಿಸಿಲು ಬರುತ್ತಾ?"

"ಬೆಳಿಗ್ಗೆ ಬರುತ್ತಂತೆ."

"ಹಾಗಾದ್ರೆ ಸಾಕು."

"ಬರ್ತೀಯ ತಾನೇ?"

"ಬರ್ತೀನಿ. ಅಲ್ಲಿವರೆಗೆ ಹೊತ್ತೊತ್ತಿಗೆ ಉಣ್ಣು."

ಗುರುವಾರ ಅವನು ಹೋದ. ಕೈಯಲ್ಲಿದ್ದ ಕೆಲಸವನ್ನೆಲ್ಲ ಒಪ್ಪಿಸಿ, ಬೀಗದ ಕೈಯನ್ನು ಅತ್ತಿಗೆಯ ಕೈಗಿಟ್ಟು, ಮರಗಳು ಚಿಗುರುವ ಹೊತ್ತಿಗೆ ಒಂದು ಭಾನುವಾರ ಅವಳೂ ಹೋದಳು.