ಬಲಗೈಯಲ್ಲಿ ಮೀಟಿದವಳು

ಆನೆಗಳೂ ತಾಳ ತಪ್ಪದೆ ನಡೆಯುತ್ತಿದ್ದ ಕಾಲವೊಂದಿತ್ತು. ಆಗ ನಾದಗಿರಿ ಎಂಬ ರಾಜ್ಯದಲ್ಲಿ ತಿಂಗಳಿಗೊಮ್ಮೆ 'ಸ್ವರಬುತ್ತಿ' ಎಂಬ ಸಂಗೀತ ಪತ್ರಿಕೆ ಬರುತ್ತಿತ್ತು. ಅದರ ಮುಖಪುಟಕ್ಕೆ ಮರದ ಅಚ್ಚು ಕೆತ್ತುತ್ತಿದ್ದವನು ಬೊಮ್ಮರಸ. ಅವನ ಹೆಂಡತಿ ಸಿರಿಯಬ್ಬೆ ಹಾಡಿದರೆ ಊರಿಗೆ ಊರೇ ಒಲೆ ಆರಿಸಿ ಓಡಿ ಬರುತ್ತಿತ್ತು.

ಮಾಯಗಾರ ಕರಡಕನಿಗೆ ಹೊಟ್ಟೆ ಉರಿಯಿತು. ಅವನ ದನಿಗಿಂತ ಕತ್ತೆಯದೇ ವಾಸಿ! ಮಾಟದ ಅಚ್ಚು ಕೆತ್ತಿಕೊಡು ಎಂದು ಬೊಮ್ಮರಸನನ್ನು ಕೇಳಿದ. ಬೊಮ್ಮರಸ ಒಪ್ಪಲಿಲ್ಲ. ಕರಡಕ ತಾನೇ ಉಳಿ ಹಿಡಿದು ಕೆತ್ತಿದ: ವೀಣೆ ನುಡಿಸುವ ರಾಣಿ, ಪಕ್ಕದಲ್ಲಿ ನವಿಲು, ಹಿಂದೆ ತಂಬೂರಿ ಹಿಡಿದ ಆರು ಹೆಂಗಸರು. ಅದನ್ನು 'ಸ್ವರಬುತ್ತಿ'ಯ ಒಂದು ಪ್ರತಿಯ ಮುಖಪುಟಕ್ಕೆ ಒತ್ತಿದ ಗಳಿಗೆಯಲ್ಲೇ ಸಿರಿಯಬ್ಬೆ ಮನೆಯಿಂದ ಮಾಯವಾದಳು. ಚಿತ್ರದಲ್ಲಿ ತಂಬೂರಿಯವರು ಏಳು ಮಂದಿಯಾದರು. ಏಳು ಮಂದಿಗೂ ಒಂದೇ ಮುಖ. ಹೆಂಡತಿಯನ್ನು ಹುಡುಕಿಕೋ ಎಂದು ಕರಡಕ ಆ ಪತ್ರಿಕೆಯನ್ನು ಬೊಮ್ಮರಸನ ಮುಂದೆ ಎಸೆದು ಹೋದ.

ಮಗಳು ಹೊನ್ನಾಜಿ ಆಗ ತೊಟ್ಟಿಲ ಕೂಸು. ಅತ್ತು ಅತ್ತು ಬೊಮ್ಮರಸನ ಕಣ್ಣು ಆ ವಾರದಲ್ಲೇ ಮಬ್ಬಾಯಿತು. ಇಪ್ಪತ್ತು ವರ್ಷ ಕಳೆಯಿತು, ಮುಖಪುಟ ಹಳದಿಗಟ್ಟಿತು. ಅಪ್ಪನ ಕಸುಬು ಕಲಿತ ಹೊನ್ನಾಜಿ ಒಂದು ದಿನ ಆ ಪತ್ರಿಕೆ ಹಿಡಿದು ಕರಡಕನ ಗವಿಗೇ ಹೋದಳು.

ಮಾಟಕ್ಕೂ ಒಂದು ನೇಮವಿದೆ. ಬಿಡಿಸಲು ಬಂದವರಿಗೆ ಚಿತ್ರದಲ್ಲಿ ಸೆರೆಯಾದವರು ಯಾರೆಂದು ಮೂರು ಸಲ ಹೇಳಲು ಬಿಡಬೇಕು. ಮೂರೂ ತಪ್ಪಿದರೆ ಅವರೂ ಚಿತ್ರವಾಗಬೇಕು.

"ಅವ್ವನ ನೆನಪಿದೆಯೇನೇ ಹುಡುಗಿ?" ಎಂದು ಕರಡಕ ನಕ್ಕ.

"ಇಲ್ಲ. ಕಣ್ಣಿದೆ, ಕಸುಬಿದೆ."

ಅವ್ವ ದೊಡ್ಡ ಗಾಯಕಿಯಲ್ಲವೇ ಎಂದು ಹೊನ್ನಾಜಿ ಮೈತುಂಬ ಒಡವೆ ತೊಟ್ಟವಳನ್ನು ತೋರಿಸಿದಳು. "ಅಲ್ಲ!" ಹೊನ್ನಾಜಿಯ ಕಾಲು ಮೊಣಕಾಲಿನವರೆಗೆ ಕಾಗದವಾಯಿತು.

ಅವ್ವನಿಗೆ ಮಲ್ಲಿಗೆ ಇಷ್ಟ ಎಂದು ಅಪ್ಪ ಹೇಳಿದ್ದು ನೆನೆದು ಮಲ್ಲಿಗೆ ಮುಡಿದವಳನ್ನು ತೋರಿಸಿದಳು. "ಅಲ್ಲ!" ಸೊಂಟದವರೆಗೆ ಕಾಗದವಾಯಿತು. ಪಾಪ, ಹುಡುಗಿಗೆ ಅಳುವೇ ಬಂತು.

ಅಳುತ್ತಲೇ ಚಿತ್ರವನ್ನು ಅಂಚಿನಿಂದ ಅಂಚಿಗೆ ನೋಡಿದಳು. ರಾಣಿ ಎಡಗೈಯಲ್ಲಿ ವೀಣೆ ಮೀಟುತ್ತಿದ್ದಾಳಲ್ಲ! ಕೆತ್ತನೆ ಕಲಿಯುವ ಮೊದಲ ದಿನ ಅಪ್ಪ ಬೆರಳ ಗೆಣ್ಣಿಗೆ ಕುಟ್ಟಿ ಹೇಳಿದ್ದ: "ಅಚ್ಚಿನ ಎಡ ಕಾಗದದ ಬಲ, ಮಗಾ. ತಿರುಗಿಸಿ ಕೆತ್ತು." ಕರಡಕನಿಗೆ ಅದನ್ನು ಹೇಳಿಕೊಟ್ಟವರಿಲ್ಲ. ನೇರವಾಗಿ ಕೆತ್ತಿದ್ದ, ಎಲ್ಲರೂ ಎಡಚರಾಗಿದ್ದರು.

ಒಬ್ಬಳನ್ನು ಬಿಟ್ಟು. ನವಿಲಿನ ಗರಿಯ ಹಿಂದೆ, ಕೊನೆಯಲ್ಲಿ ಕೂತವಳು ಬಲಗೈಯಲ್ಲಿ ತಂಬೂರಿ ಮೀಟುತ್ತಿದ್ದಳು. ಅವಳನ್ನು ಯಾರೂ ಕೆತ್ತಿರಲಿಲ್ಲ.

"ಅವ್ವಾ, ಏಳು. ಮನೆಗೆ ಹೋಗೋಣ."

ಸಿರಿಯಬ್ಬೆ ತಂಬೂರಿ ಕೆಳಗಿಟ್ಟು ಹೊರಗೆ ಬಂದಳು. ಹೊನ್ನಾಜಿಯ ಕಾಲು ಕಾಲಾಯಿತು. ತೆರವಾದ ಜಾಗ ಕರಡಕನನ್ನು ಸೆಳೆದುಕೊಂಡಿತು. ಅವನಿನ್ನೂ ಅಲ್ಲೇ ಕೂತು ಶ್ರುತಿ ಹಿಡಿದಿದ್ದಾನೆ, ಹಾಡಲು ಮಾತ್ರ ಬಾಯಿ ಬಾರದು.

ಮನೆಯಲ್ಲಿ ಬೊಮ್ಮರಸ ಹೆಂಡತಿಯ ಮುಖವನ್ನು ಕೈಯಿಂದ ಸವರಿದ. ಅವಳ ತಲೆಯೂ ನರೆತಿತ್ತು. "ಯಾವುದು ನೀನೆಂದು ತಿಳಿಯದೆ ದಿನಾ ಸಂಜೆ ಏಳು ಮುಖವನ್ನೂ ಸವರುತ್ತಿದ್ದೆ ಕಣೇ" ಎಂದ.

"ಗೊತ್ತು. ನನ್ನ ಸರದಿ ಕೊನೆಗೆ ಬರುತ್ತಿತ್ತು. ಕಾಯುತ್ತಿದ್ದೆ" ಎಂದಳು ಸಿರಿಯಬ್ಬೆ.

ಆ ಸಂಜೆ ಅವಳು ಹಾಡಿದಳು. ಊರಿನ ಒಲೆಗಳೆಲ್ಲ ಆರಿದವು, ಆದರೂ ಯಾರೂ ಹಸಿದು ಮಲಗಲಿಲ್ಲ. ಅವರೆಲ್ಲ ಅಲ್ಲಿ ಸುಖವಾಗಿದ್ದರು, ಕೇಳಿದ ನಾವು ಇಲ್ಲಿ ಸುಖವಾಗಿರೋಣ.